ಅಕ್ಕ, ಕಾಲು

ಗೋಡೆಯ ದೊಡ್ಡ ಪರದೆಯಲ್ಲಿ ಕೆಂಪು ಅಂಕಿಗಳು ಹತ್ತು ನಿಮಿಷದಿಂದ ಹಿಂದಕ್ಕೆ ಎಣಿಸಲು ಶುರು ಮಾಡಿದವು. ಅಷ್ಟರೊಳಗೆ ಪ್ರತಿಯೊಬ್ಬ ಆಟಗಾರ ತಾನು ತಂದ ಕಂಟ್ರೋಲರನ್ನು ವಿಡಿಯೋ ಗೇಮ್ ಸ್ಪರ್ಧೆಯ ಆ ಸಭಾಂಗಣದ ಕಂಪ್ಯೂಟರಿಗೆ ಸಿಗಿಸಿ, ಆಟದೊಳಗಿನ ಕಾರು ತನ್ನ ಮಾತು ಕೇಳುತ್ತದೆ ಎಂದು ತೋರಿಸಬೇಕು. ತೋರಿಸಲಾಗದವರು ಅಲ್ಲಿಯ ಕಂಟ್ರೋಲರಿನಲ್ಲಿ ಆಡಬೇಕು, ಇಲ್ಲವೇ ಎದ್ದು ಹೋಗಬೇಕು. ಅಲ್ಲಿಯ ಕಂಟ್ರೋಲರು ಹಿಡಿಯಲು ಎರಡು ಕೈ ಬೇಕು. ನನ್ನ ಅಕ್ಕನಿಗೆ ಕೆಲಸ ಮಾಡುವ ಕೈ ಇರುವುದು ಒಂದೇ.

ಸಾಲಾಗಿ ಎಂಟು ಮೇಜು, ಎಂಟು ಕುರ್ಚಿ. ಏಳು ಜನ ಒಂದೇ ನಿಮಿಷದಲ್ಲಿ ಕೆಲಸ ಮುಗಿಸಿ ಫೋನು ನೋಡುತ್ತ ಕೂತರು. ಅವರೆಲ್ಲರ ವಯಸ್ಸು ಅಕ್ಕನ ವಯಸ್ಸಿನ ಅರ್ಧಕ್ಕೂ ಕಮ್ಮಿ. ಪಕ್ಕದ ಮೇಜಿನ ಹುಡುಗಿ ಚೂಯಿಂಗ್ ಗಮ್ ಜಗಿಯುತ್ತ ನಮ್ಮ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ನೋಡುವಂಥದ್ದೇ ಬಿಡಿ. ಅಕ್ಕನ ಮಗಳ ಹಳೆಯ ಕಂಟ್ರೋಲರಿನ ಹೊಟ್ಟೆ ಬಗೆದು, ಒಳಗಿದ್ದ ಹಸಿರು ಸರ್ಕ್ಯೂಟ್ ಹಲಗೆಯನ್ನು ಮರದ ಪೆಟ್ಟಿಗೆಗೆ ಕೂರಿಸಿದ್ದೆ. ಮೇಲೆ ಎಡಗೈಗೆ ಒಂದು ಸ್ಟಿಕ್ಕು, ಅದು ಕಾರನ್ನು ತಿರುಗಿಸಲು. ಬಲಗೈಗೆಂದು ಇದ್ದ ಎರಡನೆಯ ಸ್ಟಿಕ್ಕಿನ ತಂತಿಗಳನ್ನು ಕಿತ್ತು, ಉದ್ದ ಮಾಡಿ, ಮೇಜಿನ ಕೆಳಗಿನ ಒಂದು ಪೆಡಲಿಗೆ ಜೋಡಿಸಿದ್ದೆ. ಆ ಪೆಡಲು ನಮ್ಮ ಕಾರ್ಖಾನೆಯ ಹೊಲಿಗೆ ಮಷಿನ್ನಿನದು.

ನಾನು ಹೊಲಿಗೆ ಮಷಿನ್ನುಗಳ ಮೆಕ್ಯಾನಿಕ್ಕು. ಅಕ್ಕ ಅದೇ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕಾಲರು ಹೊಲಿದವಳು. ದೊಡ್ಡ ಮಷಿನ್ನುಗಳ ಪೆಡಲು ಮನೆಯ ಮಷಿನ್ನಿನದರ ಹಾಗಲ್ಲ. ಬೆರಳ ಕಡೆ ಒತ್ತಿದರೆ ಸೂಜಿ ಓಡುತ್ತದೆ, ಹಿಮ್ಮಡಿ ಒಂದಿಷ್ಟು ಒತ್ತಿದರೆ ಬಟ್ಟೆ ತಿರುಗಿಸಲು ಹಿಡಿತ ಸಡಿಲವಾಗುತ್ತದೆ, ಪೂರ್ತಿ ಒತ್ತಿದರೆ ದಾರ ಕತ್ತರಿಸುತ್ತದೆ, ಬಿಟ್ಟರೆ ಸ್ಪ್ರಿಂಗಿನ ಬಲಕ್ಕೆ ಮಟ್ಟಸವಾಗಿ ನಿಲ್ಲುತ್ತದೆ. ಅದನ್ನೇ ಕಾರಿಗೆ ಹೊಂದಿಸಿದ್ದೆ. ಬೆರಳು ಒತ್ತಿದರೆ ವೇಗ, ಹಿಮ್ಮಡಿ ಒತ್ತಿದರೆ ಮೊದಲು ಬ್ರೇಕು, ಆಮೇಲೆ ಹಿಂದಕ್ಕೆ. ಅಕ್ಕನ ಕಾಲಿಗೆ ಇದನ್ನು ಹೊಸದಾಗಿ ಕಲಿಸಬೇಕಿರಲಿಲ್ಲ.

ಎರಡು ವರ್ಷದ ಹಿಂದೆ ಅಕ್ಕ ಬಸ್ಸಿನ ಕಿಟಕಿಯಲ್ಲಿ ಮೊಳಕೈ ಇಟ್ಟುಕೊಂಡು ಕೂತಿದ್ದಾಗ ಎದುರಿನಿಂದ ಬಂದ ಲಾರಿ ಬಸ್ಸನ್ನು ಉಜ್ಜಿಕೊಂಡು ಹೋಯಿತು. ಕೈ ಉಳಿಯಿತು, ಬೆರಳುಗಳು ಮಡಿಚುವುದನ್ನು ಮರೆತವು. ಆಸ್ಪತ್ರೆಯಿಂದ ಬಂದ ವಾರವೇ ತನ್ನ ಕತ್ತರಿಯನ್ನು ಎದುರುಮನೆಯವಳಿಗೆ ಕೊಟ್ಟುಬಿಟ್ಟಳು. ಆಕೆ ಕೇಳಿಯೂ ಇರಲಿಲ್ಲ. ಆಮೇಲೆ ಅಕ್ಕ ಹೊಸಿಲು ದಾಟಿದ್ದು ಆಸ್ಪತ್ರೆಗೆ ಮಾತ್ರ, ಅದೂ ಬಲಗೈಯನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು. ಮಗಳು ಆಡುವ ಕಾರಿನ ಆಟವನ್ನು ಪಕ್ಕದಲ್ಲಿ ಕೂತು ನೋಡುತ್ತಿದ್ದವಳು ಒಂದು ದಿನ, ‘ಆ ತಿರುವಿಗೆ ಅಷ್ಟು ಬೇಗ ಬ್ರೇಕ್ ಯಾಕೆ ಹಾಕ್ತೀಯ?’ ಎಂದು ಬಾಯಿಬಿಟ್ಟಳಂತೆ. ಅದನ್ನು ಮಗಳು ನನಗೆ ಫೋನು ಮಾಡಿ ಹೇಳಿದಾಗ ನಾನು ಅತ್ತುಬಿಟ್ಟೆ. ಮರುದಿನವೇ ಕಾರ್ಖಾನೆಯ ಗುಜರಿಯಿಂದ ಪೆಡಲು ತಂದೆ.

ಸ್ಪರ್ಧೆಗೆ ಹೆಸರು ಕೊಟ್ಟವಳೂ ಆ ಮಗಳೇ. ಆದರೆ ಇವತ್ತು ಅವಳಿಗೆ ಪರೀಕ್ಷೆ. ನನ್ನ ಕೈಗೆ ಒಂದು ಚೀಟಿ ಕೊಟ್ಟು ಹೋಗಿದ್ದಳು. ಅದರಲ್ಲಿದ್ದದ್ದು ಎರಡೇ ಸಾಲು: ‘ಆಟ ತೆರೆಯುವ ಮೊದಲು ಕಂಟ್ರೋಲರ್ ಸಿಗಿಸು. ಸಿಗಿಸುವಾಗ ಸ್ಟಿಕ್ ಮೇಲೆ ಬೆರಳು ಇರಕೂಡದು, ಆಗ ಸ್ಟಿಕ್ ಎಲ್ಲಿರುತ್ತೋ ಅದನ್ನೇ ಅದು ಮಧ್ಯ ಅಂದ್ಕೊಳ್ಳುತ್ತೆ.’

ಬರುವಾಗ ದಾರಿಯಲ್ಲಿ ಅಕ್ಕ ಹೇಳಿದ್ದಳು. ಮುಖ ಕಿಟಕಿಯ ಕಡೆಗಿತ್ತು.

“ಇವತ್ತು ಇದು ನಡೀಲಿಲ್ಲ ಅಂದ್ರೆ ಅಲ್ಲೇ ಬಿಚ್ಚಿ ಹಾಕ್ಬಿಡು. ಮನೆಗೆ ವಾಪಸ್ ತರೋದು ಬೇಡ. ನನ್ನನ್ನೂ ಇನ್ನೆಲ್ಲಿಗೂ ಕರೀಬೇಡ.”

ಕತ್ತರಿ ಕೊಟ್ಟಾಗಲೂ ಅವಳ ದನಿ ಹೀಗೇ ಇತ್ತು. ಜಗಳವಿಲ್ಲ, ಅಳುವಿಲ್ಲ. ಅಕ್ಕ ಒಮ್ಮೆ ಹೇಳಿದರೆ ಮುಗಿಯಿತು, ಅದಕ್ಕೆ ಮೇಲ್ಮನವಿ ಇಲ್ಲ.

ಈಗ ಎಂಟು ನಿಮಿಷ ಇಪ್ಪತ್ತು ಸೆಕೆಂಡು. ಪರದೆಯಲ್ಲಿ ‘ಕಂಟ್ರೋಲರ್ ಕಾಣುತ್ತಿಲ್ಲ’ ಎಂದು ಬರುತ್ತಿತ್ತು.

ಮನೆಯಲ್ಲಿ ಕಂಪ್ಯೂಟರು ಹತ್ತಿರದಲ್ಲೇ ಇರುತ್ತದೆ, ನಮ್ಮ ಕೇಬಲು ಗೇಣುದ್ದದ್ದು. ಇಲ್ಲಿ ಅದು ಮೇಜಿನ ಕೆಳಗೆ, ಹಿಂಬದಿಯ ಗೋಡೆಗೆ ಒರಗಿತ್ತು. ಕಂಪ್ಯೂಟರು ನೋಡಿಕೊಳ್ಳುವವನು ಕೊರಳಲ್ಲಿ ಮೂರು ಗುರುತಿನ ಚೀಟಿ ನೇತುಹಾಕಿಕೊಂಡಿದ್ದ ಬೋಳುತಲೆಯ ಮನುಷ್ಯ. ಅವನು ಎಲ್ಲಿಂದಲೋ ಒಂದು ಉದ್ದ ಕೇಬಲು ತಂದುಕೊಟ್ಟು ಸಿಗಿಸಿ ಹೋಗಿದ್ದ. ಪೆಟ್ಟಿಗೆಯ ಮೇಲಿನ ಪುಟ್ಟ ದೀಪವೇನೋ ಹೊತ್ತಿಕೊಂಡಿತ್ತು. ಕಂಪ್ಯೂಟರಿಗೆ ಮಾತ್ರ ನಾವು ಕಾಣುತ್ತಿರಲಿಲ್ಲ.

ನಾನು ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆ. ಒಂದೊಂದೇ ಬೆಸುಗೆಯನ್ನು ಉಗುರಿನಿಂದ ಅಲುಗಿಸಿ ನೋಡಿದೆ. ಎಲ್ಲವೂ ಗಟ್ಟಿ. ಬೆವರು ಕಣ್ಣಿಗಿಳಿಯಿತು.

“ನಿನ್ನೆ ರಾತ್ರಿವರೆಗೂ ಸರಿಯಾಗಿತ್ತು ಇದು. ನಿಮ್ಮ ಕಂಪ್ಯೂಟರೇ ಸರಿಯಿಲ್ಲ,” ಎಂದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಹೆದರಿಕೆಯಾದರೆ ಇನ್ನೂ ಮುಂದಕ್ಕೆ ಬರುತ್ತದೆ.

“ಬೇರೆ ಏಳು ಸರಿ ಇದಾವಲ್ಲ ಮೇಡಂ,” ಎಂದ ಬೋಳುತಲೆಯವನು.

“ಆ ಏಳು ನನಗೆ ಬೇಕಾಗಿಲ್ಲ. ಇದನ್ನ ನೋಡಿ.”

ಅವನು ಪೆಟ್ಟಿಗೆಯನ್ನು ನೋಡಲಿಲ್ಲ, ಕೇಬಲನ್ನು ಎತ್ತಿ ತುದಿ ನೋಡಿದ. ಮುಖ ಸಣ್ಣದಾಯಿತು. “ಅಯ್ಯೋ, ಇದು ಯಾರದೋ ಫೋನ್ ಚಾರ್ಜ್ ಮಾಡೋ ಕೇಬಲ್. ಕರೆಂಟು ಮಾತ್ರ ಹೋಗುತ್ತೆ, ಮಾಹಿತಿ ಹೋಗಲ್ಲ,” ಎಂದು ಬೇರೆ ಕೇಬಲು ತರಲು ಓಡಿದ.

ನಾನು ಅವನ ಬೆನ್ನಿಗೆ ಏನೋ ಅಂದೆ. ಇಲ್ಲಿ ಬರೆಯುವಂಥದ್ದಲ್ಲ.

“ಕೇಳು ಇಲ್ಲಿ,” ಎಂದಳು ಅಕ್ಕ. “ಮನೇಲಿ ನಾನೇ...”

“ಅಕ್ಕ, ಸುಮ್ನೆ ಕೂತ್ಕೋ. ಏನೂ ಮುಟ್ಟಬೇಡ. ನಾನು ನೋಡ್ಕೋತೀನಿ.”

ಅಕ್ಕ ಸುಮ್ಮನೆ ಕೂತಳು.

ಬೇರೆ ಕೇಬಲು ಬರುವಷ್ಟರಲ್ಲಿ ಐದು ನಿಮಿಷ ಹತ್ತು ಸೆಕೆಂಡು. ಚೀಟಿಯಲ್ಲಿದ್ದದ್ದು ನೆನಪಿತ್ತು. “ಕೈ ಎತ್ತು,” ಎಂದೆ. ಅಕ್ಕ ಎಡಗೈಯನ್ನು ಸ್ಟಿಕ್ಕಿನಿಂದ ತೆಗೆದು ಶಾಲೆಯ ಹುಡುಗಿಯ ಹಾಗೆ ಮೇಲೆತ್ತಿದಳು. ಬೋಳುತಲೆಯವನು ಕೆಳಗೆ ಬಗ್ಗಿ ಕೇಬಲು ಸಿಗಿಸಿದ. ಪರದೆಯ ಮೇಲೆ ಕಂಟ್ರೋಲರಿನ ಚಿತ್ರ ಮೂಡಿತು.

ಆಟ ತೆರೆಯಿತು. ಅಕ್ಕನ ನೀಲಿ ಕಾರು ಗೆರೆಯ ಮೇಲೆ ನಿಂತಿತ್ತು. ಅಕ್ಕ ಪೆಡಲು ಒತ್ತಿದಳು. ತುಂಬಿದ ಗಾಡಿ ಎಳೆಯುವ ಎತ್ತಿನಂತೆ ಕಾರು ನಿಧಾನಕ್ಕೆ ಮುಂದೆ ಹೋಯಿತು. ಅಕ್ಕ ಪೂರ್ತಿ ಒತ್ತಿದಳು. ಅಷ್ಟೇ ವೇಗ. ಕಾಲು ಸಡಿಲಿಸಿದಳು. ಕಾರು ಗಕ್ಕನೆ ನಿಂತು ಹಿಂದಕ್ಕೆ ಓಡಿ ಬೇಲಿಗೆ ಗುದ್ದಿತು.

ಪಕ್ಕದ ಹುಡುಗಿ ಜಗಿಯುವುದನ್ನು ನಿಲ್ಲಿಸಿದಳು.

“ಹಿಮ್ಮಡಿ ಒತ್ತಬೇಡ ಅಕ್ಕ.”

“ಒತ್ತಿಲ್ಲ ಕಣೇ. ಸುಮ್ನೆ ಇಟ್ಕೊಂಡಿದೀನಿ.”

ತಂತಿಗಳು ತಿರುವುಮುರುವಾಗಿರಬೇಕು ಎಂದುಕೊಂಡೆ. ಹಾಗಾಗಿದ್ದರೆ ಬೆರಳು ಒತ್ತಿದಾಗ ಹಿಂದಕ್ಕೆ ಹೋಗಬೇಕಿತ್ತು, ಮುಂದಕ್ಕೆ ಹೋಗುತ್ತಿತ್ತಲ್ಲ. ಅಷ್ಟು ಯೋಚಿಸುವ ತಾಳ್ಮೆ ನನಗೆಲ್ಲಿ? ಮತ್ತೆ ಮುಚ್ಚಳ ಬಿಚ್ಚಿದೆ. ಕೇಬಲು ಕಿತ್ತೆ, ಕೈ ಎತ್ತು ಎಂದೆ, ಅಕ್ಕ ಕೈ ಎತ್ತಿದಳು, ಬೋಳುತಲೆಯವನು ಸಿಗಿಸಿದ. ಕಾರು ಮತ್ತೆ ಹಿಂದಕ್ಕೆ ಓಡಿತು. ಮೂರನೆಯ ಸಲವೂ ಅದೇ ಕಥೆ. ಒಂದು ಸ್ಕ್ರೂ ಕೈಜಾರಿ ನೆಲದ ಮೇಲೆ ಉರುಳಿಕೊಂಡು ಹೋಯಿತು.

“ಮನೇಲಿ ತಂತಿ ನಾನೇ...” ಎಂದಳು ಅಕ್ಕ.

“ಅಕ್ಕ! ದಮ್ಮಯ್ಯ, ಒಂದು ನಿಮಿಷ ಬಾಯಿ ಮುಚ್ಕೊಂಡಿರ್ತೀಯಾ?”

ಇಡೀ ಸಾಲು ತಿರುಗಿ ನೋಡಿತು. ಅಕ್ಕ ಬಲಗೈಯನ್ನು ಶಾಲಿನೊಳಗೆ ಇನ್ನೂ ಒಳಕ್ಕೆ ಎಳೆದುಕೊಂಡಳು.

ತೀರ್ಪುಗಾರ್ತಿ ನಮ್ಮ ಮೇಜಿನ ಹತ್ತಿರ ಬಂದರು. ಗಟ್ಟಿ ಮುಖ, ಮೆತ್ತಗಿನ ದನಿ. “ಇನ್ನು ಎರಡು ನಿಮಿಷ ಇದೆ. ಬೇಕಾದ್ರೆ ಇದನ್ನ ಬಳಸಬಹುದು,” ಎಂದು ಸಭಾಂಗಣದ ಕಪ್ಪು ಕಂಟ್ರೋಲರನ್ನು ಅಕ್ಕನ ಮುಂದಿಟ್ಟರು. ಅವರು ಒಳ್ಳೆಯ ಮನಸ್ಸಿನಿಂದಲೇ ಇಟ್ಟರು. ಅವರಿಗೆ ಶಾಲಿನೊಳಗಿನದು ಗೊತ್ತಿರಲಿಲ್ಲ.

ಅಕ್ಕ ಅದನ್ನು ನೋಡಿದಳು. ಎರಡು ಕೊಂಬಿನ, ಎರಡು ಅಂಗೈ ತುಂಬುವ ವಸ್ತು. ಎಡಗೈ ಬೆರಳಿನಿಂದ ಅದನ್ನು ಮೆಲ್ಲಗೆ ಮೇಜಿನ ಅಂಚಿಗೆ ಸರಿಸಿದಳು.

“ಬಿಚ್ಚಿಬಿಡು ಕಣೇ,” ಎಂದಳು. “ಸಾಕು.”

ಅವಳು ಹೇಳಿದ್ದು ಪೆಟ್ಟಿಗೆಯನ್ನಷ್ಟೇ ಅಲ್ಲ ಎಂದು ನನಗೆ ಗೊತ್ತಿತ್ತು. ಬಾಗಿಲು ಹಾಕಿಕೊಂಡ ಆ ಕೋಣೆ, ಟೀವಿಯ ಸದ್ದಿಲ್ಲದ ಚಿತ್ರ, ನಾನು ಹೋದಾಗಲೆಲ್ಲ ‘ಊಟ ಆಯ್ತಾ’ ಎಂದು ಕೇಳಿ ಮುಗಿದುಹೋಗುವ ಮಾತು, ಎಲ್ಲ ಕಣ್ಣ ಮುಂದೆ ಬಂತು. ಅದಕ್ಕೆ ವಾಪಸು ಹೋಗುವುದಾದರೆ ಈ ಸಲ ಅವಳನ್ನು ಹೊರಗೆಳೆಯಲು ನನ್ನ ಹತ್ತಿರ ಬೇರೆ ಪೆಡಲು ಇರಲಿಲ್ಲ.

“ಇನ್ನೊಂದು ಸಲ,” ಎಂದೆ. ಐವತ್ತೈದು ಸೆಕೆಂಡು ಉಳಿದಿತ್ತು. ಬೋಳುತಲೆಯವನನ್ನು ಕಾಯದೆ ನಾನೇ ಮೇಜಿನ ಕೆಳಗೆ ನುಗ್ಗಿದೆ.

ಕೆಳಗೆ ಕತ್ತಲೆ, ಧೂಳು, ತಂತಿಗಳ ಗಂಟು. ಮೂಗಿನ ಮುಂದೆಯೇ ಪೆಡಲು, ಅದರ ಮೇಲೆ ಚಪ್ಪಲಿ ಬಿಟ್ಟ ಅಕ್ಕನ ಬಲಗಾಲು. ಈ ನೋಟವನ್ನು ನಾನು ದಿನಕ್ಕೆ ಹತ್ತು ಸಲದಂತೆ ಇಪ್ಪತ್ತು ವರ್ಷ ನೋಡಿದ್ದೇನೆ. ನನ್ನ ಬಾಯಿಗೆ ನನ್ನ ಅಪ್ಪಣೆ ಬೇಕಾಗಲಿಲ್ಲ.

“ಅಕ್ಕ, ಕಾಲು.”

ಇದರ ಹಿಂದೆ ಒಂದು ಸಂಗತಿಯಿದೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಅಕ್ಕನ ಮಷಿನ್ನಿನ ಸೂಜಿ ಬದಲಿಸಲು ಏನೂ ಹೇಳದೆ ಬೆರಳು ಇಟ್ಟೆ. ಅವಳ ಕಾಲು ಪೆಡಲಿನ ಮೇಲಿತ್ತು. ಸೂಜಿ ನನ್ನ ತೋರುಬೆರಳಿನ ಉಗುರು ತೂರಿ ಆ ಕಡೆ ಬಂತು. ಆ ಕಲೆ ಈಗಲೂ ಇದೆ. ತಪ್ಪು ನನ್ನದು, ಆದರೆ ಅಕ್ಕ ಮೂರು ದಿನ ಊಟ ಬಿಟ್ಟಳು. ಅಂದಿನಿಂದ ನಮ್ಮಿಬ್ಬರ ನಡುವೆ ಒಂದು ಕಟ್ಟಳೆ. ನಾನು ‘ಕಾಲು’ ಎಂದರೆ ಅವಳು ಕಾಲನ್ನು ಪೆಡಲಿನಿಂದ ಎತ್ತಿ ಗಾಳಿಯಲ್ಲಿ ಹಿಡಿಯಬೇಕು. ನಾನು ಕೈ ತೆಗೆದು ‘ಇಡು’ ಎಂದ ಮೇಲೆಯೇ ಕೆಳಗಿಡಬೇಕು. ಹೇಳದಿದ್ದರೆ ಅವಳ ಕಾಲು ಪೆಡಲು ಬಿಡುವುದಿಲ್ಲ. ಹೊಲಿಯುವವರ ಕಾಲೇ ಹಾಗೆ, ಸುಮ್ಮನಿರುವಾಗಲೂ ಮುಂದಿನ ಹೊಲಿಗೆಗೆ ತಯಾರಾಗಿ ಸೂಜಿ ಓಡುವ ಅಂಚಿನವರೆಗೆ ಬೆರಳ ಕಡೆ ಅರ್ಧ ಒತ್ತಿಕೊಂಡೇ ಇರುತ್ತದೆ.

ಇವತ್ತು ಸೂಜಿ ಇರಲಿಲ್ಲ. ಹಾಗಾಗಿ ನಾನು ಬೆಳಗಿನಿಂದ ಒಮ್ಮೆಯೂ ‘ಕಾಲು’ ಎಂದಿರಲಿಲ್ಲ.

ಅಕ್ಕನ ಕಾಲು ತಟ್ಟನೆ ಮೇಲೆದ್ದಿತು. ಅರ್ಧ ಬಾಗಿದ್ದ ಪೆಡಲು ‘ಟಕ್’ ಎಂದು ಎದ್ದು ಮಟ್ಟಸವಾಗಿ ನಿಂತಿತು.

ನಾನು ಆ ಪೆಡಲನ್ನೇ ನೋಡಿದೆ. ಸಿಗಿಸುವಾಗ ಸ್ಟಿಕ್ ಮೇಲೆ ಬೆರಳು ಇರಕೂಡದು. ಪೆಡಲೇ ಎರಡನೆಯ ಸ್ಟಿಕ್ಕು. ಅದನ್ನು ಜೋಡಿಸಿದವಳು ನಾನು. ಮೂರು ಸಲವೂ ಅಕ್ಕನ ಕೈ ಎತ್ತಿಸಿದೆ, ಕಾಲನ್ನು ನೋಡಲೇ ಇಲ್ಲ. ಅರ್ಧ ಒತ್ತಿದ ಪೆಡಲನ್ನೇ ಆ ಪೆದ್ದು ಹಲಗೆ ಮಧ್ಯ ಎಂದುಕೊಂಡಿತು. ಕಾಲು ಬಿಟ್ಟರೆ ಹಿಂದಕ್ಕೆ ಎಂದುಕೊಂಡಿತು. ಹಲಗೆ ಪೆದ್ದಲ್ಲ, ಪೆದ್ದಿ ಯಾರು ಎಂಬುದು ಮೇಜಿನ ಕೆಳಗೆ ಮೊಣಕಾಲೂರಿ ಕೂತಿದ್ದವಳಿಗೆ ಚೆನ್ನಾಗಿ ಗೊತ್ತಾಯಿತು.

ಕೇಬಲು ಕಿತ್ತೆ. ಸಿಗಿಸಿದೆ. ತಲೆಯನ್ನು ಮೇಜಿಗೆ ಗುದ್ದಿಕೊಂಡು ಹೊರಗೆ ಬಂದೆ. ಇಪ್ಪತ್ತೆರಡು ಸೆಕೆಂಡು. ಬೋಳುತಲೆಯವನು ಆಟ ತೆರೆದ. ನೀಲಿ ಕಾರು ನಿಂತಿತ್ತು. ಹಿಂದಕ್ಕೆ ಹೋಗಲಿಲ್ಲ. ನಾನು ಬಗ್ಗಿ ಪೆಡಲಿನ ಬೆರಳ ಕಡೆಯನ್ನು ಕೈಯಿಂದಲೇ ಅದುಮಿದೆ. ಕಾರು ಗುಡುಗಿ ಮುಂದಕ್ಕೆ ಹಾರಿತು. ಬಿಟ್ಟೆ. ನಿಂತಿತು.

“ಸರಿ ಇದೆ,” ಎಂದರು ತೀರ್ಪುಗಾರ್ತಿ. “ಸಹಾಯಕರು ಗೆರೆಯಿಂದ ಆಚೆ ಬನ್ನಿ. ಇನ್ನು ಮಾತು, ಸನ್ನೆ ಏನೂ ಇಲ್ಲ. ಮಾಡಿದ್ರೆ ಆಟಗಾರರನ್ನ ಹೊರಗೆ ಕಳಿಸ್ತೀವಿ.”

ನೆಲದ ಮೇಲೆ ಹಳದಿ ಗೆರೆ ಎಳೆದಿದ್ದರು. ನಾನು ಅದರಾಚೆ ಹೋಗಿ ನಿಂತೆ. ಗೆದ್ದವಳಂತೆ ಬೀಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಪಕ್ಕದಲ್ಲಿ ನಿಂತಿದ್ದ ಬೋಳುತಲೆಯವನ ಕಡೆ ನೋಡಿ ನಕ್ಕೂಬಿಟ್ಟೆ. ಕಾರುಗಳು ಓಟದ ಗೆರೆಗೆ ಬಂದು ನಿಂತವು. ಪರದೆಯ ಮೇಲೆ ‘ಐದು’ ಎಂದು ಬಂತು.

ಆಗ ಅಕ್ಕನ ಕಾಲು ಕಂಡಿತು.

ಅದು ಇನ್ನೂ ಗಾಳಿಯಲ್ಲಿತ್ತು. ಪೆಡಲಿನಿಂದ ನಾಲ್ಕು ಬೆರಳು ಮೇಲೆ. ನಾನು ‘ಇಡು’ ಎನ್ನಲು ಮರೆತಿದ್ದೆ.

ನಾಲ್ಕು. ನನ್ನ ಬಾಯಿ ತೆರೆಯಿತು. ತೀರ್ಪುಗಾರ್ತಿಯ ಕಣ್ಣು ನನ್ನ ಮೇಲೇ ಇತ್ತು. ಬಾಯಿ ಮುಚ್ಚಿದೆ.

ಮೂರು. ಅಕ್ಕನ ಕಣ್ಣು ಪರದೆಯಲ್ಲಿತ್ತು, ಎಡಗೈ ಸ್ಟಿಕ್ಕಿನಲ್ಲಿತ್ತು. ಕಾಲು ಮಾತ್ರ ನನಗಾಗಿ ಕಾಯುತ್ತಿತ್ತು. ಅದು ಅವಳ ತಲೆಯನ್ನು ಕೇಳಿ ಕೆಳಗಿಳಿಯುವ ಕಾಲಲ್ಲ. ನನ್ನ ಬೆರಳಿನ ರಕ್ತ ನೋಡಿದ ದಿನದಿಂದ ಅದು ನನ್ನ ಮಾತನ್ನಷ್ಟೇ ಕೇಳುತ್ತದೆ.

ಎರಡು. ಒಂದು.

ಏಳು ಕಾರು ಹೊರಟುಹೋದವು. ನೀಲಿ ಕಾರು ಗೆರೆಯ ಮೇಲೆ ಒಂಟಿಯಾಗಿ ನಿಂತಿತ್ತು. ಹಿಂದೆ ಕೂತಿದ್ದ ಪ್ರೇಕ್ಷಕರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬೇಕಾದರೆ ಅವಳನ್ನು ಹೊರಗೆ ಕಳಿಸಲಿ, ಕೂಗಿಬಿಡುತ್ತೇನೆ ಎಂದುಕೊಂಡೆ. ಕೂಗಿದರೆ ಬಿಚ್ಚಿ ಹಾಕುವುದೇ. ಕೂಗದಿದ್ದರೂ ಅದೇ.

ಅಕ್ಕ ತಲೆ ಬಗ್ಗಿಸಿ ತನ್ನ ಕಾಲನ್ನು ನೋಡಿಕೊಂಡಳು. ಅದು ಯಾರದೋ ಕಾಲು ಎಂಬಂತೆ ನೋಡಿದಳು. ಆಮೇಲೆ ಇಟ್ಟಳು.

ನಾನು ಹೇಳದೆ ಅವಳು ಕಾಲು ಇಟ್ಟದ್ದು ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ಓಟ ಐದು ಸುತ್ತಿನದು. ಮೊದಲ ಸುತ್ತು ಮುಗಿದಾಗ ಅಕ್ಕ ಎಂಟನೆಯವಳು. ಎರಡನೆಯದರಲ್ಲಿ ಒಂದು ಬಿಗಿ ತಿರುವಿನಲ್ಲಿ ಎಲ್ಲರೂ ಬ್ರೇಕು ಹಾಕಿದ ಕಡೆ ಅವಳು ಹಾಕಲಿಲ್ಲ, ತಿರುವಿನ ಬುಡಕ್ಕೆ ಬಂದ ಮೇಲೆ ಕಾಲರಿನ ಮೂಲೆ ತಿರುಗಿಸುವ ಹಾಗೆ ಹಿಮ್ಮಡಿಯನ್ನು ಒಂದಿಷ್ಟೇ ಒತ್ತಿ ಬಿಟ್ಟು ಇಬ್ಬರನ್ನು ಹಿಂದೆ ಹಾಕಿದಳು. ನಾಲ್ಕನೆಯದರಲ್ಲಿ ಇನ್ನೊಬ್ಬ ಹಿಂದಾದ. ಕೊನೆಯ ಸುತ್ತಿನಲ್ಲಿ ಚೂಯಿಂಗ್ ಗಮ್ಮಿನ ಹುಡುಗಿಯ ಹಳದಿ ಕಾರಿನ ಪಕ್ಕಕ್ಕೇ ಬಂದಳು. ಹುಡುಗಿ ಜಗಿಯುವುದನ್ನು ಮರೆತಿದ್ದಳು. ಎರಡೂ ಕಾರು ಒಟ್ಟಿಗೇ ಗೆರೆ ದಾಟಿದ ಹಾಗೆ ಕಂಡಿತು.

ಒಟ್ಟಿಗೆ ದಾಟಿರಲಿಲ್ಲ. ಹುಡುಗಿ ನಾಲ್ಕನೆಯವಳು, ಅಕ್ಕ ಐದನೆಯವಳು. ಸ್ಪರ್ಧೆಯ ಮುಂದಿನ ಹಂತಕ್ಕೆ ಮೊದಲ ನಾಲ್ಕೇ ಜನ.

ನೆಲದ ಹಳದಿ ಗೆರೆ ದಾಟಿ ಹೋಗಲು ನನ್ನ ಕಾಲು ಏಳಲಿಲ್ಲ. ಹೊರಡುವಾಗ ಕಳೆದುಹೋದ ಆ ಮೂರು ನಾಲ್ಕು ಸೆಕೆಂಡು ನನ್ನವು. ಅದಕ್ಕೂ ಮುಂಚಿನ ಹತ್ತು ನಿಮಿಷವೂ ನನ್ನದೇ. ಅವಳು ಎರಡು ಸಲ ಹೇಳಲು ಬಂದಳು, ಎರಡು ಸಲವೂ ನೂರು ಜನರ ಮುಂದೆ ಬಾಯಿ ಮುಚ್ಚಿಸಿದೆ. ಹತ್ತಿರ ಹೋಗಿ ನಿಂತೆ. ಅಕ್ಕ ಪರದೆಯನ್ನೇ ನೋಡುತ್ತಿದ್ದಳು.

“ನೀನು ‘ಇಡು’ ಅನ್ನಲಿಲ್ಲ,” ಎಂದಳು.

“ಮರೆತೆ ಅಕ್ಕ. ಆಮೇಲೆ ನೆನಪಾಯ್ತು, ಮಾತಾಡೋ ಹಾಗಿರಲಿಲ್ಲ.”

“ಹ್ಞೂಂ.”

“ಆಗ ಏನೋ ಹೇಳ್ತಿದ್ದೆ ನೀನು. ಮನೇಲಿ ತಂತಿ...”

“ಮನೇಲಿ ತಂತಿ ನಾನೇ ಸಿಗಿಸ್ತಿದ್ದೆ ಅಂದೆ. ನಿಂತ್ಕೊಂಡೇ ಸಿಗಿಸಿ ಆಮೇಲೆ ಕೂತ್ಕೋತಿದ್ದೆ. ಇಲ್ಲಿ ಕೂತಿರೋವಾಗ್ಲೇ ಸಿಗಿಸ್ತಿದ್ರಲ್ಲ, ಅದಕ್ಕೇ ಏನಾದ್ರೂ ಇರಬಹುದೇನೋ ಅನ್ನಿಸ್ತು.”

ದಾರಿಯಲ್ಲಿ ಅವಳು ಹೇಳಿದ್ದು ನೆನಪಾಯಿತು. ಜೇಬಿನಿಂದ ಸ್ಕ್ರೂಡ್ರೈವರು ತೆಗೆದೆ. ಪೆಟ್ಟಿಗೆಯ ಮೊದಲ ಸ್ಕ್ರೂಗೆ ಇಟ್ಟೆ. ಕಣ್ಣು ಮಂಜಾಗಿ ಸ್ಕ್ರೂವಿನ ಗೀಟು ಕಾಣಲಿಲ್ಲ.

“ಅದನ್ನ ಯಾಕೆ ತೆಗೆದೆ?” ಎಂದಳು ಅಕ್ಕ.

“ಬಿಚ್ಚಿಬಿಡು ಅಂದಿದ್ದೆಯಲ್ಲ.”

“ನಡೀಲಿಲ್ಲ ಅಂದ್ರೆ ಬಿಚ್ಚು ಅಂದಿದ್ದೆ. ಒಳಗಿಡು ಅದನ್ನ.”

ಆಮೇಲೆ ಅವಳು ತೀರ್ಪುಗಾರ್ತಿಯನ್ನು ಕರೆದಳು, ಮುಂದಿನ ಸ್ಪರ್ಧೆ ಯಾವಾಗ ಎಂದು ಕೇಳಿದಳು. ಆರು ವಾರ ಎಂದರು. ಅವರೊಂದು ಕಾಗದ ಕೊಟ್ಟು ಹೆಸರು ಬರೆಯಲು ಹೇಳಿದರು. ನಾನು ಪೆನ್ನಿಗೆ ಕೈ ಚಾಚಿದೆ. ಅಕ್ಕ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು.

ಅವಳು ಶಾಲು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದಳು. ಮಡಿಚದ ಬಲಗೈಯನ್ನು ಎತ್ತಿ ಕಾಗದದ ಮೇಲೆ ಇಟ್ಟಳು, ಜಾರದಂತೆ. ನೂರು ಜನ ನೋಡುತ್ತಿದ್ದರು. ಎಡಗೈಯಲ್ಲಿ ಪೆನ್ನು ಹಿಡಿದು ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು. ಅಕ್ಷರಗಳು ಸೊಟ್ಟಗಿದ್ದವು. ಬರೆದು ಮುಗಿಯುವವರೆಗೂ ತೀರ್ಪುಗಾರ್ತಿ ಕಾದರು.

“ಮುಂದಿನ ಸಲ ತಂತಿ ನಾನೇ ಸಿಗಿಸ್ತೀನಿ,” ಎಂದಳು ಅಕ್ಕ, ನನ್ನ ಕಡೆ ನೋಡದೆ. “ನೀನು ಸುಮ್ನೆ ಕೂತ್ಕೋ. ಏನೂ ಮುಟ್ಟಬೇಡ.”

ನಾನು ಸುಮ್ಮನೆ ಕೂತೆ.